ನಿಲ್ಲದ ಹಿರಿಯರು

ನಾನು ಹೆದರುಪುಕ್ಕಲನೆಂದು ನಮ್ಮ ಬೀದಿಯಲ್ಲಿ ಒಂದು ಮಾತಿದೆ. ಅದು ಶುದ್ಧ ಸುಳ್ಳು ಎಂದು ಎಲ್ಲರ ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಮುಖಕ್ಕೆ ಹೇಳಲು ಹೆದರಿಕೆಯಾಗಿ ಬರೆದು ತಿಳಿಸುತ್ತಿದ್ದೇನೆ. ಕಾರಣವಿಲ್ಲದೆ ಹೆದರಿದರೆ ಪುಕ್ಕಲುತನ, ಕಾರಣವಿದ್ದು ಹೆದರಿದರೆ ಬುದ್ಧಿವಂತಿಕೆ. ನನ್ನ ಹೆದರಿಕೆಗೆ ಕಾರಣವಿತ್ತು. ಆ ಕಾರಣಕ್ಕೆ ನಾಲ್ಕು ಚಕ್ರಗಳೂ, ಅರವತ್ತೆರಡು ವರ್ಷ ವಯಸ್ಸೂ, ಹಿಂದೆ ಒಬ್ಬ ಮಾವನೂ ಇದ್ದರು.

ಮಾವ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಮೂವತ್ತೈದು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಬಾವುಟ ಬೀಸಿದ ಮನುಷ್ಯ. ಕೊರಳಲ್ಲಿ ಸೀಟಿ ಈಗಲೂ ನೇತಾಡುತ್ತದೆ. ಊಟಕ್ಕೆ ಕರೆಯಲು ಸೀಟಿ, ಊಟ ಮುಗಿದರೆ ಸೀಟಿ. ‘ಹೆದರಿಕೆ’ ಎನ್ನುವ ಪದವನ್ನು ಅವರ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ. ಮೂರು ವರ್ಷದ ಹಿಂದೆ ಅವರು, ತಮ್ಮ ಕಣ್ಣು ಮಂಜಾಗಿದೆ ಎಂದು ಹೇಳಿ, ತಮ್ಮ ಹಳೆಯ ಕಾರಿನ ಕೀಯನ್ನು ನನ್ನ ಕೈಗಿಟ್ಟರು. ಬೆಟ್ಟವನ್ನೇ ಅಡ್ಡ ಹಾರುವ ಧೈರ್ಯಸ್ಥ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಅಳಿಯನಿಗೆ ಕೊಟ್ಟರಲ್ಲ ಎಂದು ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ.

“ಎರಡು ಮಾತು, ಅಳಿಯಂದ್ರೇ,” ಎಂದಿದ್ದರು ಅವತ್ತು. “ಒಂದು, ಒಂದೇ ಒಂದು ನಟ್ಟೂ ಬದಲಾಗಕೂಡದು. ಎರಡು, ಅದು ಇದು ಅಂತ ಕರೀಬೇಡಿ. ನಿಮಗಿಂತ ಹಿರಿಯರು. ಮರ್ಯಾದೆ ಕೊಟ್ಟು ಮಾತಾಡಿ.”

ಎರಡನೆಯದು ತಮಾಷೆಗೆ ಹೇಳಿದ್ದಿರಬಹುದು. ಆದರೆ ಬಾಯಲ್ಲಿ ಸೀಟಿ ಇಟ್ಟುಕೊಂಡವರು ನಗುತ್ತಿದ್ದಾರೋ ಇಲ್ಲವೋ ಹೇಗೆ ಗೊತ್ತಾಗಬೇಕು? ನಾನು ಅಪಾಯಕ್ಕೆ ಕೈಹಾಕಲಿಲ್ಲ. ಅಂದಿನಿಂದ ಹಿರಿಯರು ಸ್ಟಾರ್ಟ್ ಆದರು, ಹಿರಿಯರು ಹೊಗೆ ಬಿಟ್ಟರು, ಹಿರಿಯರು ದಾರಿಯಲ್ಲಿ ಕೆಟ್ಟು ಕೂತರು ಎಂದೇ ಹೇಳುತ್ತ ಬಂದೆ. ಪ್ರತಿ ತಿಂಗಳ ಮೊದಲ ಭಾನುವಾರ ಮಾವ ಒಂದು ಸಣ್ಣ ಸುತ್ತಿಗೆ ಹಿಡಿದು ತಪಾಸಣೆಗೆ ಬರುತ್ತಿದ್ದರು. ಚಕ್ರಕ್ಕೆ ಒಂದು ಏಟು, ಬಾಗಿಲಿಗೆ ಒಂದು ಏಟು ಕೊಟ್ಟು, ಕಿವಿಯಿಟ್ಟು ಕೇಳಿ, ಕೊನೆಗೆ ನನ್ನನ್ನು ಓಡಿಸಲು ಹೇಳಿ ಪಕ್ಕದಲ್ಲಿ ಕೂರುವರು. ಗಾಡಿ ಓಡುವಾಗ ಹಿಂದಿನ ಆಕ್ಸಲ್‌ನಿಂದ ‘ಗುಂಯ್’ ಎಂದು ಒಂದು ನಾದ ಏಳುತ್ತಿತ್ತು. “ಇದು ಇವರ ಉಸಿರು. ಇದು ನಿಂತರೆ ಎಲ್ಲಾ ಮುಗೀತು ಅಂತ ಲೆಕ್ಕ,” ಎನ್ನುತ್ತಿದ್ದರು.

ಉಸಿರಿಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬ್ರೇಕಿಗೆ. ಪೆಡಲನ್ನು ಒಂದು ಸಲ ಒತ್ತಿದರೆ ಹಿರಿಯರಿಗೆ ಕೇಳಿಸುತ್ತಿರಲಿಲ್ಲ. ಎರಡನೆಯ ಸಲಕ್ಕೆ ಕೇಳಿಸಿತು ಎಂಬಂತೆ ಒಂದಿಷ್ಟು ಮೂತಿ ತಗ್ಗಿಸುತ್ತಿದ್ದರು. ಮೂರನೆಯ ಸಲ ಎರಡೂ ಕಾಲಿನಲ್ಲಿ ನಿಂತು ತುಳಿದರೆ, ಅವರ ಮನಸ್ಸಿಗೆ ಬಂದ ಜಾಗದಲ್ಲಿ ನಿಲ್ಲುತ್ತಿದ್ದರು. ಇದು ಮಟ್ಟದ ರಸ್ತೆಯ ಮಾತು. ನಮ್ಮ ಮನೆಯಿಂದ ನಾನು ಕೆಲಸ ಮಾಡುವ ಅಳತೆ-ತೂಕದ ಕಚೇರಿಗೆ ಹೋಗುವ ದಾರಿ ಕಡಿದಾದ ಇಳಿಜಾರು. ಅದು ಮುಗಿಯುವಲ್ಲಿ ಸರಿಯಾಗಿ ಎದುರಿಗೆ ಒಬ್ಬ ದರ್ಜಿಯ ಅಂಗಡಿ. ಬೆಳಿಗ್ಗೆ ಒಂಬತ್ತೂವರೆಗೆ ಇಳಿಜಾರಿನ ತುದಿಯಲ್ಲಿ ನಮ್ಮ ಮೂತಿ ಕಂಡ ಕೂಡಲೇ ದರ್ಜಿ ಹೊರಗಿಟ್ಟ ಹೊಲಿಗೆ ಮೆಷಿನ್ನನ್ನು ಒಳಗೆಳೆದುಕೊಳ್ಳುತ್ತಿದ್ದ. ಒಂದು ದಿನ ಅವನು ಯಾರದೋ ಸೊಂಟದ ಅಳತೆ ತೆಗೆಯುತ್ತಿದ್ದನಂತೆ, ನೋಡಲಿಲ್ಲ. ನಾನು ಮೂರು ಸಲ ಅಲ್ಲ, ಏಳು ಸಲ ತುಳಿದೆ. ಹಿರಿಯರು ನಿಂತಾಗ ಮೆಷಿನ್ನಿಗೂ ನಮಗೂ ಒಂದು ಗೇಣು ಜಾಗ. ಅರ್ಧ ಹೊಲಿದ ಪ್ಯಾಂಟೊಂದು ಬಾನೆಟ್ಟಿನ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅವತ್ತೇ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಅಡಿಯಲ್ಲಿ ತೂರಿಕೊಂಡು ಹೊರಬಂದು, “ಸಾರ್, ನೀವು ಇಷ್ಟು ದಿನ ಬದುಕಿರೋದೇ ದೊಡ್ಡದು,” ಎಂದ. “ಹಿಂದಿನ ಆಕ್ಸಲ್‌ನಿಂದ ಆಯಿಲ್ ಸೋರಿ ಬ್ರೇಕೆಲ್ಲ ನೆಂದು ಹೋಗಿದೆ. ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕಿಬಿಡೋಣ. ಹಿಂದಿನ ಆಕ್ಸಲ್ ಪೂರ್ತಿ ತೆಗೆದು ಹೊಸ ಮಾಡೆಲ್ಲಿಂದು ಹುಡುಕೋಣ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ.”

ಗಾಡಿಯನ್ನು ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ಪಾಲಿಶ್‌ಗೆ ಬಿಟ್ಟಿದ್ದೇನೆ ಎಂದೆ. ಹೆಂಡತಿಗೆ ನಿಜ ಹೇಳಲಿಲ್ಲ. ಅವಳ ಹೊಟ್ಟೆಯಲ್ಲಿ ಗುಟ್ಟು ಅರ್ಧ ಗಂಟೆ ನಿಂತರೆ ಹೆಚ್ಚು, ಆಮೇಲೆ ನೇರವಾಗಿ ತವರಿಗೆ ಫೋನು. ಆದ್ದರಿಂದ ಮೆಕ್ಯಾನಿಕ್ ಜೊತೆ ಮಾತುಕತೆಯನ್ನೆಲ್ಲ ಕಚೇರಿಯಿಂದಲೇ ನಡೆಸಿದೆ. ಒಂದು ದಿನ ಮಧ್ಯಾಹ್ನ, ತಕ್ಕಡಿಗಳ ಕೋಣೆಯಲ್ಲಿ ಯಾರೂ ಇಲ್ಲ ಎಂದುಕೊಂಡು ನಾನು ಫೋನಿನಲ್ಲಿ ಆಡಿದ ಮಾತು ಅಕ್ಷರಶಃ ಇದು:

“ಹಲೋ, ಹೌದು, ಮಾವನವರದ್ದೇ ವಿಷಯ... ನಿಮಗೇ ಗೊತ್ತಲ್ಲ, ವಯಸ್ಸಾಯ್ತು, ನಿಲ್ಲೋಕೇ ಆಗಲ್ಲ ಅವರಿಗೆ... ಇಳಿಜಾರಲ್ಲಂತೂ ಮುಗೀತು... ಡಿಸ್ಕ್ ಬಂತಾ? ಹಾಕಿಬಿಡಿ. ಹಿಂಭಾಗ ಪೂರ್ತಿ ತೆಗೆದುಬಿಡಿ, ಸೋರೋದನ್ನ ಇಟ್ಕೊಂಡು ಏನು ಪ್ರಯೋಜನ?... ಇಲ್ಲಪ್ಪಾ, ಮನೇಲಿ ಯಾರಿಗೂ ಗೊತ್ತಿಲ್ಲ. ಮುಖ್ಯವಾಗಿ ಮಾವನಿಗೇ ಗೊತ್ತಾಗಬಾರದು.”

ಫೋನ್ ಇಟ್ಟು ತಿರುಗಿದೆ. ದೊಡ್ಡ ತಕ್ಕಡಿಯ ಹಿಂದೆ ನಮ್ಮ ಸೂಪರಿಂಟೆಂಡೆಂಟ್ ಮೇಡಂ, ಕೈಯಲ್ಲಿ ಎರಡು ಕಿಲೋ ಕಲ್ಲು ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು. ಅವರ ಮನೆ ಇರುವುದು ಮಾವನ ಮನೆಯ ಸಾಲಿನಲ್ಲೇ.

“ಇಂಥಾ ಅಳಿಯ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು ರೀ,” ಎಂದು ಮೂಗು ಒರೆಸಿಕೊಂಡು ಹೊರಟುಹೋದರು. ಗಾಡಿಗೆ ಬ್ರೇಕ್ ಹಾಕಿಸಿದರೆ ಹೆಂಗಸರು ಇಷ್ಟು ಮೆಚ್ಚುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮರುದಿನವೇ ಭಾವಮೈದ ಕಚೇರಿಗೆ ಬಂದ. ಎಂದೂ ಬಾಗಿಲು ತಟ್ಟಿ ಒಳಗೆ ಬಂದವನಲ್ಲ, ಅವತ್ತು ತಟ್ಟಿದ. ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ಭಾವ, ಎಲ್ಲಾ ಗೊತ್ತಾಯ್ತು.”

“ಮಾವನಿಗೆ?”

“ಅಪ್ಪನಿಗೆ ಇನ್ನೂ ಗೊತ್ತಿಲ್ಲ. ನನಗೆ, ಅಮ್ಮನಿಗೆ ಅಷ್ಟೇ. ಅಕ್ಕನಿಗೂ ಹೇಳೋದು ಬೇಡ ಅಂದ್ಲು ಅಮ್ಮ, ಅವಳ ಬಾಯಿ ನಿಮಗೆ ಗೊತ್ತಲ್ಲ. ನೀವು ಮಾಡ್ತಿರೋದೇ ಸರಿ ಭಾವ. ಎಷ್ಟು ದಿನ ಅಂತ ನಿಲ್ಲೋಕಾಗದೆ ಒದ್ದಾಡೋದು?”

“ಅತ್ತೇನೂ ಒಪ್ಪಿದ್ರಾ?”

“ಅತ್ತು ಅತ್ತು ಒಪ್ಪಿದ್ಲು. ಆದ್ರೆ ಒಂದೇ ಭಯ ಭಾವ. ಹಳೇ ದೇಹ. ತಡ್ಕೊಳ್ಳುತ್ತಾ?”

“ಬಾಡಿ ಗಟ್ಟಿಯಾಗಿದೆ ಕಣಪ್ಪ, ಆ ಯೋಚನೆ ಬೇಡ. ಎಲ್ಲಾ ಕಡೆ ತಟ್ಟಿ ನೋಡಿದ್ದಾರೆ. ತಳದಲ್ಲಿ ಮಾತ್ರ ಒಂಚೂರು ತುಕ್ಕು.”

ಭಾವಮೈದ ತುಟಿ ಕಚ್ಚಿ ಅಳು ನುಂಗಿಕೊಂಡ. ಗಾಡಿಯ ಮೇಲೆ ಅವನಿಗೆ ಇಷ್ಟೊಂದು ಪ್ರೀತಿ ಇತ್ತೆಂದು ನನಗೆ ಗೊತ್ತಿದ್ದರೆ ಕೀಯನ್ನು ಅವನಿಗೇ ಕೊಟ್ಟುಬಿಡುತ್ತಿದ್ದೆ.

ಆಮೇಲೆ ಮಾವನ ಮನೆಯಲ್ಲಿ ನಡೆದದ್ದು ನನಗೆ ತಿಳಿದದ್ದು ತಡವಾಗಿ. ಮಾವ ಎದ್ದು ನಿಂತರೆ ಸಾಕು, ಅತ್ತೆ ಹಿಂದಿನಿಂದ ಕುರ್ಚಿ ತಂದು ಮಂಡಿಗೆ ತಾಗಿಸುತ್ತಿದ್ದರಂತೆ. ಸ್ನಾನದ ಮನೆಯ ಬಾಗಿಲ ಹೊರಗೆ ಮಗ ಕಾವಲು. ಮೇಡಂ ಒಂದು ಬುಟ್ಟಿ ಹಣ್ಣು ತಂದು, “ಧೈರ್ಯವಾಗಿರಿ, ಈಗಿನ ಕಾಲದಲ್ಲಿ ಏನೂ ಅಸಾಧ್ಯ ಇಲ್ಲ,” ಎಂದು ಹೇಳಿ, ಅಸಾಧ್ಯ ಎಂಬಂತೆ ಮುಖ ಮಾಡಿ ಹೋದರಂತೆ. ಮೂವತ್ತೈದು ವರ್ಷ ಗಾರ್ಡ್ ಆಗಿದ್ದವರಿಗೆ ಗಾಡಿಯಲ್ಲಿ ಎಲ್ಲೋ ಏನೋ ಸರಿಯಿಲ್ಲ ಎಂದು ಗೊತ್ತಾಗದೆ ಇರುತ್ತದೆಯೇ? ಅಡುಗೆಮನೆಯ ಬಾಗಿಲಿಗೆ ಕಿವಿಯಿಟ್ಟರು. ಕೇಳಿಸಿದ್ದು ನಾಲ್ಕೇ ಮಾತು: ಡಿಸ್ಕು, ಹಿಂಭಾಗ ಪೂರ್ತಿ, ಅವರಿಗೆ ಗೊತ್ತಾಗಬಾರದು, ಅಳಿಯಂದ್ರೇ ನೋಡ್ಕೋತಿದ್ದಾರೆ.

ಇತ್ತ ಹಿರಿಯರು ಶನಿವಾರ ಸಂಜೆ ಮನೆಗೆ ಬಂದರು. ಬ್ರೇಕನ್ನು ಹೆಬ್ಬೆರಳಿನಲ್ಲಿ ಮುಟ್ಟಿದರೆ ಸಾಕು, ನೆಟ್ಟ ಕಂಬದ ಹಾಗೆ ನಿಲ್ಲುತ್ತಿದ್ದರು. “ಹದಿನೈದು ದಿನ ನೋಡೋಣ ಸಾರ್, ಆಮೇಲೆ ಏನಿದ್ರೂ ಗೊತ್ತಾಗುತ್ತೆ,” ಎಂದಿದ್ದ ಮೆಕ್ಯಾನಿಕ್. ಮರುದಿನ ತಿಂಗಳ ಮೊದಲ ಭಾನುವಾರ ಎಂಬುದು ನನಗೆ ನೆನಪಾದದ್ದು ಹಾಸಿಗೆಯಿಂದ ಎದ್ದ ಮೇಲೆ. ಹಲ್ಲುಜ್ಜುತ್ತಿದ್ದವನು ಪೇಸ್ಟನ್ನು ನುಂಗಿಬಿಟ್ಟೆ.

ಎಂಟಕ್ಕೆ ಸರಿಯಾಗಿ ಗೇಟಿನಲ್ಲಿ ಮಾವ. ಕೈಯಲ್ಲಿ ಸುತ್ತಿಗೆ ಇರಲಿಲ್ಲ. ಸುತ್ತಿಗೆ ಇದ್ದ ಮಾವನಿಗೆ ನಾನು ಹೆದರುತ್ತಿದ್ದೆ ನಿಜ, ಆದರೆ ಸುತ್ತಿಗೆ ಇಲ್ಲದ ಮಾವನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದೆ. ತಪಾಸಣೆಯೇ ಬೇಡ ಎಂದರೆ ತೀರ್ಪು ಆಗಿಹೋಗಿದೆ ಎಂದೇ ಅರ್ಥ. ಅವರು ಒಳಗೆ ಬಂದು, ಬಾಗಿಲು ಹಾಕಿ, ಕುರ್ಚಿಯ ತುದಿಯಲ್ಲಿ ಕೂತರು.

“ಅಳಿಯಂದ್ರೇ, ನನಗೆ ಎಲ್ಲಾ ಗೊತ್ತಾಗಿದೆ.”

“ತಪ್ಪಾಯ್ತು ಮಾವ.”

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ನೀವು ಒಪ್ತಿರಲಿಲ್ಲ.”

“ಒಪ್ತಿರಲಿಲ್ಲ, ನಿಜ.” ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು. “ಅಷ್ಟೊಂದು ಕೆಟ್ಟುಹೋಗಿದೆಯಾ?”

“ಇಷ್ಟು ದಿನ ಬದುಕಿರೋದೇ ದೊಡ್ಡದು ಅಂದ್ರು ಮಾವ.”

“ಹಿಂದುಗಡೆ?”

“ಅದು ಪೂರ್ತಿ ತೆಗೀಲೇಬೇಕು ಅಂದ್ರು. ಬೇರೆ ಒಬ್ಬರದ್ದು ಸಿಕ್ತು. ಅಪಘಾತದಲ್ಲಿ ಮುಂಭಾಗ ಜಜ್ಜಿಹೋಗಿದೆ, ಆದರೆ ಹಿಂಭಾಗ ಹೊಸದರ ಹಾಗೆ ಫಸ್ಟ್‌ಕ್ಲಾಸಾಗಿತ್ತು.”

ಮಾವ ಕಣ್ಣು ಮುಚ್ಚಿದರು. ಹಣೆಯ ಮೇಲೆ ಬೆವರು ಕಂಡಿತು. “ಎಷ್ಟು ದಿನ ಅಂದಿದ್ದಾರೆ?”

“ಹದಿನೈದು ದಿನ ನೋಡೋಣ ಅಂದಿದ್ದಾರೆ.”

ಬೆರಳು ಮಡಿಸಿ ದಿನ ಎಣಿಸಿದರು. ಆಮೇಲೆ ಮಾವ ಬಹಳ ಮೆತ್ತಗಿನ ದನಿಯಲ್ಲಿ, “ಹದಿನೈದು ದಿನ. ಆಯ್ತು. ನಾನು ಹೋದಮೇಲೆ ಮಗಳಿಗೆ ಹೇಳಿ. ಈಗಲೇ ಬೇಡ,” ಎಂದರು.

ಎಲ್ಲಿಗೆ ಹೋದಮೇಲೆ? ನಾನು ಅವರ ಮುಖ ನೋಡಿದೆ. ಆ ಮುಖದಲ್ಲಿ ಕೋಪದ ಸುಳಿವೇ ಇರಲಿಲ್ಲ. ಆಗ ಒಂದೊಂದೇ ಮಾತು ನನ್ನ ತಲೆಯಲ್ಲಿ ತಿರುಗಿ ನಿಂತಿತು. ಮೇಡಂ ಕಣ್ಣೀರು, ಭಾವಮೈದನ ತುಟಿ, ಹಳೇ ದೇಹ, ಬೆನ್ನಿನ ಡಿಸ್ಕು. ಅಯ್ಯೋ ನನ್ನ ಕರ್ಮವೇ! ಈ ಮನುಷ್ಯ ತಾನು ಸಾಯುತ್ತೇನೆ ಎಂದುಕೊಂಡಿದ್ದಾರೆ. ಅದೂ ನನ್ನ ಬಾಯಿಂದ ಈಗ ತಾನೇ ವಾಯಿದೆ ಹಾಕಿಸಿಕೊಂಡಿದ್ದಾರೆ.

“ಮಾವ, ನಿಮಗೇನೂ ಆಗಿಲ್ಲ!”

“ಎಲ್ಲರೂ ಹಾಗೇ ಹೇಳೋದು.”

ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಡಿಸ್ಕ್ ಹಾಕಿಸಿದ್ದು ಗಾಡಿಗೆ, ನಟ್ಟೊಂದೇ ಏನು, ಅರ್ಧ ಗಾಡಿಯನ್ನೇ ಬದಲಾಯಿಸಿದ್ದೇನೆ ಎಂದು. ಬಾಯಿ ತೆರೆದೆ. ಸಾವಿನ ಭಯದಲ್ಲಿ ಕೂತ ಮುದುಕರು ಎದುರಿಗೆ, ಅವರನ್ನು ಬಿಡಿಸುವ ಮಾತು ನನ್ನ ಬಾಯಲ್ಲಿ, ನಾನು ಬಾಯಿ ಮುಚ್ಚಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

“ಒಂದೇ ಆಸೆ ಇದೆ,” ಎಂದರು ಮಾವ ಏಳುತ್ತ. “ಗಾಡಿ ಕೀ ಕೊಡಿ. ಆ ಇಳಿಜಾರಲ್ಲಿ ಒಂದು ಸಲ ನಾನೇ ಓಡಿಸ್ಬೇಕು. ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು.”

ಕೀ ಕೊಟ್ಟೆ. ಹೆಂಡತಿ, “ಅಪ್ಪಾ, ಕಣ್ಣು ಕಾಣಲ್ಲ ಅಂತಿದ್ರಿ!” ಎಂದು ಸಂಭ್ರಮದಿಂದಲೇ ಮುಂದೆ ಹತ್ತಿ ಕೂತಳು. ನಾನು ಹಿಂದಿನ ಸೀಟಿನಲ್ಲಿ ಮುದುಡಿಕೊಂಡೆ. ಗಾಡಿ ಬೀದಿಗೆ ಬಂತು. ಹತ್ತು ಮಾರು ಹೋಗಿಲ್ಲ, ಮಾವ ಕತ್ತು ಓರೆ ಮಾಡಿದರು.

“ಉಸಿರು ಕೇಳಿಸ್ತಾ ಇಲ್ಲವಲ್ಲ?”

ಹೊಸ ಆಕ್ಸಲ್ ತುಟಿಪಿಟಿಕ್ ಎನ್ನುತ್ತಿರಲಿಲ್ಲ. ‘ಇದು ನಿಂತರೆ ಎಲ್ಲಾ ಮುಗೀತು’ ಎಂದು ಅವರೇ ಹೇಳಿದ್ದು ನೆನಪಾಗಿ ನನ್ನ ಉಸಿರೂ ಹಾರಿತು. ನಾನು ಸೀಟಿನ ಹಿಂದೆ ತಲೆ ತಗ್ಗಿಸಿ ಬಾಯಿ ಮುಚ್ಚಿಕೊಂಡೇ ಶುರು ಮಾಡಿದೆ: “ಗುಂಯ್ಯ್ಯ್...”

“ಹಾಂ, ಬಂತು,” ಎಂದರು ಮಾವ.

ವೇಗ ಹೆಚ್ಚಿದಂತೆ ನಾನೂ ಸ್ವರ ಏರಿಸಿದೆ. ಗೇರ್ ಬದಲಾಯಿಸಿದಾಗ ಇಳಿಸಿದೆ. ಹೆಂಡತಿ ಹಿಂದೆ ತಿರುಗಿ ಒಂದು ಸಲ ನನ್ನನ್ನು ನೋಡಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಎಂದೂ ಹಾಗೆ ನೋಡಿದವಳಲ್ಲ.

ಇಳಿಜಾರು ಬಂತು. ಕೆಳಗೆ ದರ್ಜಿ ನಮ್ಮನ್ನು ಕಂಡು ಮೆಷಿನ್ ಒಳಗೆಳೆದ. ಮಾವ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ, ಬಲಗಾಲನ್ನು ಮಂಡಿಯವರೆಗೆ ಎತ್ತಿದರು. ಆಗ ನನಗೆ ಹೊಳೆಯಿತು. ಅವರು ಹಳೆಯ ಅಭ್ಯಾಸದಂತೆ, ಇರುವ ಶಕ್ತಿಯನ್ನೆಲ್ಲ ಹಾಕಿ, ಮೂರು ಸಲ ತುಳಿಯಲಿದ್ದಾರೆ. ಮೊದಲನೆಯ ಸಲಕ್ಕೇ ಗಾಡಿ ಗಕ್ಕನೆ ನಿಲ್ಲುತ್ತದೆ. ಮುಂದೆ ಗಾಜು. ಗಾಜಿನ ಎದುರಿಗೆ ನನ್ನ ಹೆಂಡತಿ.

‘ಗುಂಯ್’ ಅಲ್ಲೇ ಕಡಿದುಹೋಯಿತು. “ತುಳೀಬೇಡಿ ಮಾವ!” ಎಂದು ಕಿರುಚಿದೆ. “ಡಿಸ್ಕು ನಿಮ್ಮ ಬೆನ್ನಿಗಲ್ಲ, ಗಾಡಿಗೆ! ಬರೀ ಮುಟ್ಟಿ ಸಾಕು, ನಿಲ್ಲುತ್ತೆ! ಲೇ, ಗಟ್ಟಿಯಾಗಿ ಹಿಡ್ಕೊಳ್ಳೇ!”

ಹೆಂಡತಿ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಅವುಚಿದಳು. ಮಾವನ ಕಾಲು ಅರ್ಧ ದಾರಿಯಲ್ಲಿ ತಡವರಿಸಿತು, ಆದರೂ ಬಿತ್ತು. ಸೀಟಿ ಉದ್ದಕ್ಕೆ ಕೂಗಿತು. ಗಾಡಿ ಇಳಿಜಾರಿನ ನಟ್ಟನಡುವೆ ನಿಂತಿತು. ನಿಲ್ಲದೆ ಇದ್ದವನು ನಾನೊಬ್ಬನೇ. ಹಿಂದಿನ ಸೀಟಿನಿಂದ ಹಾರಿ, ಮುಂದಿನ ಸೀಟಿನ ಬೆನ್ನಿನ ಮೇಲೆ ಒಗೆದ ಬಟ್ಟೆಯ ಹಾಗೆ ಎರಡಾಗಿ ಮಡಿಚಿ ಬಿದ್ದೆ. ಸೊಂಟದಲ್ಲಿ ಏನೋ ‘ಲಟಕ್’ ಎಂದಿತು.

ಯಾರಿಗೂ ಏನೂ ಆಗಿರಲಿಲ್ಲ. ಹೆಂಡತಿಯ ಒಂದು ಬಳೆ ಮಾತ್ರ ಒಡೆದಿತ್ತು. ಆ ತಲೆಕೆಳಗಾದ ಸ್ಥಿತಿಯಲ್ಲೇ ನಾನು ಎಲ್ಲವನ್ನೂ ಒಪ್ಪಿಸಿದೆ: ಫೋನು, ಹಿರಿಯರು, ಬಹುವಚನ, ತಕ್ಕಡಿಯ ಹಿಂದಿನ ಮೇಡಂ, ನಟ್ಟು. ಮಾವ ನನ್ನ ಕಡೆ ತಿರುಗಲಿಲ್ಲ. ತಮ್ಮ ಕಾಲನ್ನೇ ನೋಡುತ್ತಿದ್ದರು.

“ಒಂದೇ ಸಲಕ್ಕೆ ನಿಂತರು,” ಎಂದರು.

ಗಾಡಿಯನ್ನು ಹಿಂದಕ್ಕೆ ತೆಗೆದು ಮೇಲೆ ಹೋದರು. ಮತ್ತೆ ಇಳಿದರು, ಈ ಸಲ ಮೆಲ್ಲಗೆ ಒತ್ತಿದರು. ನಿಂತಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ನಾನು ಮಡಿಚಿಕೊಂಡೇ ಇದ್ದೆ. ಹಾಗೆ ನಾಲ್ಕು ಸಲ. ಕೊನೆಗೆ ಅವರ ಹೆಗಲು ಅಲುಗಿತು. ನಗುತ್ತಿದ್ದಾರೆಂದುಕೊಂಡೆ. ಅಳುತ್ತಿದ್ದರು.

“ನನ್ನ ಕಣ್ಣು ಚೆನ್ನಾಗೇ ಇದೆ, ಅಳಿಯಂದ್ರೇ. ಯಾವತ್ತೂ ಚೆನ್ನಾಗೇ ಇತ್ತು. ಈ ಇಳಿಜಾರಿಗೆ ಹೆದರಿ ಗಾಡಿ ಕೊಟ್ಟೆ.”

“ಅಪ್ಪಾ!” ಹೆಂಡತಿ ಸಿಡಿದಳು. “ನಿಮಗೇ ಭಯ ಆಗೋ ಗಾಡೀಲಿ ಮೂರು ವರ್ಷ ನನ್ನ ಕೂರಿಸಿದ್ರಾ?”

“ಅದಕ್ಕೇ ನಿನ್ನ ತಮ್ಮನಿಗೆ ಕೊಡಲಿಲ್ಲ ಕಣಮ್ಮಾ. ಅವನು ಧೈರ್ಯಸ್ಥ, ಮೂರೇ ದಿನಕ್ಕೆ ಎಲ್ಲಾದರೂ ಗುದ್ದುತ್ತಿದ್ದ. ಇವರು ಹೆದರುಪುಕ್ಕಲರು. ಮೆಲ್ಲಗೆ ಓಡಿಸ್ತಾರೆ, ನಿನ್ನ ಜೋಪಾನವಾಗಿ ನೋಡ್ಕೋತಾರೆ ಅಂತ ಕೊಟ್ಟೆ. ಬ್ರೇಕ್ ಹಾಕಿಸಿ ಅಂತ ಹೇಳೋಕೆ ಮಾತ್ರ ನನಗೆ ಬಾಯಿ ಬರಲಿಲ್ಲ.”

ಅಷ್ಟರಲ್ಲಿ ಇಳಿಜಾರಿನ ಮೇಲಿಂದ ಭಾವಮೈದ ಓಡಿಬಂದ. ಅಪ್ಪ ಮನೆಯಲ್ಲಿಲ್ಲ ಎಂದು ತಿಳಿದು, ಬಾಡಿಗೆಗೆ ತಂದ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹುಡುಕುತ್ತಿದ್ದನಂತೆ. “ಅಪ್ಪಾ, ನಿಲ್ಲಬೇಡಿ, ಕೂತ್ಕೊಳ್ಳಿ!” ಎಂದು ಕೂಗಿದ. ಅಪ್ಪ ಬಾಗಿಲು ತೆರೆದು ಸೆಟೆದು ನಿಂತರು. ನನ್ನನ್ನು ಮೂವರೂ ಸೇರಿ ಹೊರಗೆಳೆದು ನಿಲ್ಲಿಸಿದರು. ನಿಲ್ಲಲು ಆಗಲಿಲ್ಲ. ಕುರ್ಚಿ ವ್ಯರ್ಥವಾಗಲಿಲ್ಲ ಎಂಬುದೊಂದೇ ಸಮಾಧಾನ.

ಡಾಕ್ಟರು ಬೆನ್ನೊತ್ತಿ ನೋಡಿ, “ಡಿಸ್ಕ್ ಸ್ವಲ್ಪ ಸರಿದಿದೆ. ಹದಿನೈದು ದಿನ ನೋಡೋಣ,” ಎಂದರು. ಮೇಡಂ ಹಣ್ಣಿನ ಬುಟ್ಟಿಯೊಂದಿಗೆ ಬಂದು, “ಮಾವನ ಕಾಯಿಲೇನ ತಾವೇ ತಗೊಂಡ್ರು ನೋಡಿ,” ಎಂದು ಮತ್ತೆ ಅತ್ತರು. ನಾನು ತಿದ್ದಲಿಲ್ಲ. ಗಾಡಿಯ ಕೀ ಅವತ್ತೇ ಮಾವನ ಜೇಬು ಸೇರಿತು. ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್‌ಗೆ ಬೆರಳು ತೋರಿಸಿ, “ಇನ್ನು ಮೇಲೆ ಒಂದೇ ಒಂದು ನಟ್ಟೂ ಬದಲಾಗಕೂಡದು,” ಎಂದು ಹೇಳಿ ಬಂದರಂತೆ.

ಈಗ ದಿನವೂ ನನ್ನನ್ನು ಕಚೇರಿಗೆ ಬಿಡುವವರು ಮಾವನೇ. ನಾನು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ಇಳಿಜಾರಿನ ಬುಡದಲ್ಲಿ ದರ್ಜಿ ಈಗ ಮೆಷಿನ್ ಎಳೆದುಕೊಳ್ಳುವುದಿಲ್ಲ, ಕೈ ಎತ್ತಿ ನಮಸ್ಕಾರ ಮಾಡುತ್ತಾನೆ. ನಿನ್ನೆ ಅಲ್ಲಿ ಗಾಡಿ ನಿಲ್ಲಿಸಿದಾಗ ಮಾವ ನನ್ನ ಕಡೆ ನೋಡಿದರು. ನನ್ನ ಕೈ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

“ಈಗಲೂ ಹೆದರಿಕೆ ಆಗುತ್ತಾ?” ಎಂದರು.

“ಆಗುತ್ತೆ ಮಾವ.”

ಸೀಟಿಯನ್ನು ಕೊರಳಿಂದ ತೆಗೆದು ನನ್ನ ಮಡಿಲಿಗೆ ಹಾಕಿದರು.

“ನನಗೂ,” ಎಂದರು.